ಆ ಬೇಸಿಗೆಯಲ್ಲಿ ಅಪೆಂಡಿಕ್ಸ್ ರೋಗಿಗಳು ಎಲ್ಲಿಗೆ ಹೋದರು?

“ಬಸ್ಸು ನಿಲ್ಲಿಸಬಹುದು, ಅಂಗಡಿ ಮುಚ್ಚಿಸಬಹುದು, ಮದುವೆಯನ್ನು ಮುಂದಕ್ಕೆ ಹಾಕಬಹುದು. ಅಪೆಂಡಿಕ್ಸ್ ಊದಿಕೊಳ್ಳುವುದನ್ನು ನಿಲ್ಲಿಸ್ಲಿಕ್ಕೆ ಯಾರಿಂದ ಆಗ್ತದೆ ಚಿಕ್ಕಮ್ಮ? ಆದ್ರೆ 2020ರ ಏಪ್ರಿಲ್‌ನಲ್ಲಿ ಆ ರೋಗಿಗಳೇ ಕಡಿಮೆಯಾದರು ಅಂತ ಬೇರೆ ಬೇರೆ ದೇಶದ ಸರ್ಜನ್‌ಗಳು ಬರೆದಿದ್ದಾರೆ. ಅವರೆಲ್ಲ ಎಲ್ಲಿಗೆ ಹೋದರು?”

ಕೇಳಿದವನು ಮಂಗಳೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕ. ಕೋವಿಡ್ ಕಾಲದ ಆಸ್ಪತ್ರೆಯ ಅಂಕಿಅಂಶ ಇಟ್ಟುಕೊಂಡು ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕೆಂದು ಹೊರಟವನಿಗೆ ಈ ಒಂದು ಕಡೆ ಲೆಕ್ಕ ತಾಳೆಯಾಗಿರಲಿಲ್ಲ. ಕೇಳಿಸಿಕೊಂಡವರು ಅವನ ತಾಯಿಯ ತಂಗಿ. ಕರಾವಳಿಯ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಸರ್ಜನ್ ಆಗಿದ್ದು ಈಚೆಗೆ ನಿವೃತ್ತರಾದವರು. ಆ ಬೇಸಿಗೆಯಲ್ಲಿ ಅವರಿನ್ನೂ ಡ್ಯೂಟಿಯಲ್ಲಿದ್ದರು.

“ಕೆಲವರು ಹೆದರಿ ಮನೆಯಲ್ಲೇ ಕೂತರು. ಕೆಲವರಿಗೆ ಬರ್ಲಿಕ್ಕೆ ದಾರಿ ಇರಲಿಲ್ಲ. ಇನ್ನು ಕೆಲವರಿಗೆ ತಾನಾಗಿ ಗುಣವಾಯಿತು” ಎಂದರು ಅವರು. “ಈ ಮೂರು ಗುಂಪನ್ನು ಬೇರೆ ಬೇರೆ ಇಡದೆ ಲೆಕ್ಕ ಮಾಡಿದರೆ ನಿನ್ನ ಪಾಠ ತಪ್ಪಿ ಹೋಗ್ತದೆ.”

“ತಾನಾಗಿ ಗುಣವಾಯಿತಾ? ಅಪೆಂಡಿಕ್ಸ್ ಅಂದ್ರೆ ಕೂಡಲೇ ಆಪರೇಷನ್, ತಡವಾದರೆ ಒಡೀತದೆ ಅಂತ ಅಲ್ವಾ ನಾವು ಕೇಳಿದ್ದು?”

“ನಾವು ಕಲಿತದ್ದೂ ಹಾಗೇ. ಅದಕ್ಕೇ ಆ ವರ್ಷ ನಮಗೆ ಕಷ್ಟವಾದದ್ದು.”

ಅಪೆಂಡಿಕ್ಸ್ ಅಂದರೆ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ, ಹೊಟ್ಟೆಯ ಬಲಗಡೆ ಕೆಳಗೆ, ಬೆರಳುದ್ದ ನೇತಾಡುವ ಕೊಳವೆ. ಅದರ ಒಂದು ತುದಿ ಹುಟ್ಟಿನಿಂದಲೇ ಮುಚ್ಚಿರುತ್ತದೆ. ಇನ್ನೊಂದು ತುದಿಗೆ ಗಟ್ಟಿಯಾದ ಮಲದ ಕಲ್ಲು ಸಿಕ್ಕಿಕೊಂಡರೆ, ಅಥವಾ ಒಳಗೋಡೆಯ ಅಂಗಾಂಶ ಊದಿ ದಾರಿ ಕಟ್ಟಿದರೆ, ಒಳಗೆ ಒತ್ತಡ ಏರುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಕೊಳವೆಯ ಗೋಡೆಗೆ ರಕ್ತ ಹರಿಯುವುದು ಕುಗ್ಗುತ್ತದೆ. ನೋವು ಮೊದಲು ಹೊಕ್ಕುಳಿನ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಗೆ ಇಳಿದು ನಿಲ್ಲುತ್ತದೆ. ಊಟ ಸೇರುವುದಿಲ್ಲ, ವಾಂತಿ ಬರುತ್ತದೆ, ಮೈ ಬಿಸಿಯಾಗುತ್ತದೆ. ಗೋಡೆ ಒಡೆದರೆ ಕೀವು ಹೊಟ್ಟೆಯೊಳಗೆಲ್ಲ ಹರಡಿ ಪ್ರಾಣಕ್ಕೆ ಸಂಚಕಾರ ಬರಬಹುದು. ಬದುಕಿನಲ್ಲಿ ಒಮ್ಮೆ ಇದಕ್ಕೆ ತುತ್ತಾಗುವವರು ನೂರಕ್ಕೆ ಏಳೆಂಟು ಮಂದಿ. ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ ಇದರ ಕಾಟ ಹೆಚ್ಚು.

ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ 1886ರಲ್ಲಿ ಈ ರೋಗವನ್ನು ಸ್ಪಷ್ಟವಾಗಿ ಗುರುತಿಸಿ, ಬೇಗ ಆಪರೇಷನ್ ಮಾಡಬೇಕು ಎಂದು ವಾದಿಸಿದರು. ಮುಂದಿನ ನೂರಮೂವತ್ತು ವರ್ಷ ಸರ್ಜನ್‌ಗಳ ಪಾಲಿಗೆ ಆ ಮಾತೇ ನಿಯಮವಾಯಿತು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ, ಹಾಗಾಗಿ ಆ ನಿಯಮವನ್ನು ಹಗುರವಾಗಿ ನೋಡುವ ಹಾಗಿಲ್ಲ.

“ಆದ್ರೆ ಒಂದು ಕಥೆ ಕೇಳು” ಎಂದರು ಸರ್ಜನ್. “ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕ 1902ರ ಜೂನ್ 26ಕ್ಕೆ ಅಂತ ಗೊತ್ತಾಗಿತ್ತು. ಎರಡು ದಿನ ಮೊದಲು, 24ಕ್ಕೆ, ಫ್ರೆಡರಿಕ್ ಟ್ರೀವ್ಸ್ ಅವನ ಹೊಟ್ಟೆ ಕೊಯ್ಯಬೇಕಾಯಿತು. ಆಗಸ್ಟ್ 9ಕ್ಕೆ ಪಟ್ಟವಾಯಿತು. ಅಪೆಂಡಿಕ್ಸ್ ಆಪರೇಷನ್ ಜನರ ಬಾಯಿಗೆ ಬಂದದ್ದೇ ಆ ಮೇಲೆ. ಆದ್ರೆ ಟ್ರೀವ್ಸ್ ಅವತ್ತು ಮಾಡಿದ್ದು ಕೀವು ಹೊರಗೆ ಬಿಟ್ಟದ್ದು ಅಷ್ಟೆ. ಅಪೆಂಡಿಕ್ಸನ್ನು ತೆಗೀಲಿಲ್ಲ.”

“ತೆಗೀದೇ ಬದುಕಿದನಾ?”

“ಮತ್ತೆ ಎಂಟು ವರ್ಷ ರಾಜ್ಯ ಆಳಿದ. ನಮ್ಮಲ್ಲೂ ಅಂಥ ರೋಗಿಗಳು ಇದ್ದರು, ಮಾರಾಯ. ಘಟ್ಟದ ಮೇಲಿನಿಂದ, ದೂರದ ಹಳ್ಳಿಗಳಿಂದ ನಾಲ್ಕೈದು ದಿನ ಕಳೆದು ಬರುವವರು. ಅಷ್ಟು ಹೊತ್ತಿಗೆ ಹೊಟ್ಟೆಯೊಳಗಿನ ಕೊಬ್ಬಿನ ಪದರ ಬಂದು ಅಪೆಂಡಿಕ್ಸನ್ನು ಸುತ್ತಿಕೊಂಡು ಕೈಗೆ ಸಿಗುವ ಗಡ್ಡೆ ಆಗಿರ್ತದೆ. ಆಗ ಚಾಕು ಹಾಕಿದರೆ ಕರುಳಿಗೇ ಪೆಟ್ಟಾಗುವ ಭಯ. ಬಾಯಿಗೆ ಏನೂ ಕೊಡದೆ, ಡ್ರಿಪ್ ಹಾಕಿ, ಆಂಟಿಬಯಾಟಿಕ್ ಕೊಟ್ಟು, ಗಂಟೆಗಂಟೆಗೆ ನಾಡಿ ನೋಡಿ ಕಾಯ್ತಿದ್ದೆವು. ಆಕ್ಸ್‌ನರ್-ಶೆರೆನ್ ಕ್ರಮ ಅಂತ ನಮ್ಮ ಪಠ್ಯಪುಸ್ತಕದಲ್ಲೇ ಉಂಟು. ಆರೆಂಟು ವಾರ ಬಿಟ್ಟು ಬೇಕಾದರೆ ಆಪರೇಷನ್. ಹಾಗಾಗಿ ಕಾಯುವುದು ನಮಗೆ ಹೊಸತಲ್ಲ. ಹೊಸತಾದದ್ದು ಯಾವುದು ಅಂದ್ರೆ, ಮೊದಲ ದಿನವೇ ಬಂದ, ಇನ್ನೂ ಒಡೆಯದ ಅಪೆಂಡಿಕ್ಸಿಗೂ ಕಾಯಬಹುದಾ ಅನ್ನುವ ಪ್ರಶ್ನೆ.”

ಆ ಪ್ರಶ್ನೆ ಕೋವಿಡ್‌ಗಿಂತ ಮೊದಲೇ ಹುಟ್ಟಿತ್ತು. ಫಿನ್ಲೆಂಡಿನ ತುರ್ಕು ನಗರದ ಸರ್ಜನ್ ಪೌಲಿನಾ ಸಾಲ್ಮಿನೆನ್ ಮತ್ತು ಸಂಗಡಿಗರು 530 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಆಂಟಿಬಯಾಟಿಕ್ ಕೊಟ್ಟು ನೋಡಿದ್ದರು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ, ಔಷಧದ ಗುಂಪಿನಲ್ಲಿ ಒಂದು ವರ್ಷದೊಳಗೆ ಆಪರೇಷನ್ ಬೇಕಾದವರು ನೂರಕ್ಕೆ 27 ಮಂದಿ. ಐದು ವರ್ಷಕ್ಕೆ ಅದು 39 ಆಯಿತು. ಉಳಿದವರಿಗೆ ಚಾಕು ಬೇಕಾಗಲೇ ಇಲ್ಲ. ಇಷ್ಟು ಗೊತ್ತಿದ್ದರೂ ಹೆಚ್ಚಿನ ಆಸ್ಪತ್ರೆಗಳು ರೂಢಿ ಬದಲಿಸಿರಲಿಲ್ಲ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮುಗಿಯುವ ಆಪರೇಷನ್, ಎರಡು ದಿನದಲ್ಲಿ ಮನೆಗೆ, ಮತ್ತೆ ಈ ರೋಗದ ಮಾತೇ ಇಲ್ಲ. ಬದಲಿಸುವ ಒತ್ತಡವಾದರೂ ಎಲ್ಲಿತ್ತು?

ಒತ್ತಡ 2020ರ ಮಾರ್ಚ್‌ನಲ್ಲಿ ಬಂತು. 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಪಿಡುಗು ಎಂದು ಸಾರಿತು. 25ರಿಂದ ಭಾರತ ಬಾಗಿಲು ಹಾಕಿತು. ಅದೇ ತಿಂಗಳು ಬ್ರಿಟನ್ನಿನ ಸರ್ಜನ್‌ಗಳ ರಾಯಲ್ ಕಾಲೇಜುಗಳು ಸೂಚನೆ ಹೊರಡಿಸಿ, ಆಪರೇಷನ್ ತಪ್ಪಿಸಬಹುದಾದ ಕಡೆ ತಪ್ಪಿಸಿ, ಲ್ಯಾಪ್ರೊಸ್ಕೋಪಿಯ ವಿಚಾರದಲ್ಲಿ ಬಹಳ ಎಚ್ಚರವಿರಲಿ ಎಂದವು.

“ಲ್ಯಾಪ್ರೊಸ್ಕೋಪಿ ಯಾಕೆ? ಅದು ಒಳ್ಳೇದಲ್ವಾ?”

“ಹೊಟ್ಟೆಯನ್ನು ಕಾರ್ಬನ್ ಡೈ ಆಕ್ಸೈಡ್‌ನಿಂದ ಉಬ್ಬಿಸ್ತೇವೆ, ಒಳಗೆ ಕರೆಂಟಿನಿಂದ ಸುಡ್ತೇವೆ, ಹೊಗೆ ಬರ್ತದೆ. ಆ ಗಾಳಿಯಲ್ಲಿ ವೈರಸ್ ಇದ್ದರೆ ಥಿಯೇಟರಿನಲ್ಲಿ ಇದ್ದವರಿಗೆಲ್ಲ ಬರಬಹುದು ಅಂತ ಹೆದರಿಕೆ. ಆಮೇಲೆ ನೋಡಿದಾಗ ಆ ದಾರಿಯಲ್ಲಿ ಸೋಂಕು ಹರಡಿದ್ದಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ, ಹೊಗೆಗೆ ಫಿಲ್ಟರ್ ಇಟ್ಟು ಶುರು ಮಾಡಿದರು. ಆದ್ರೆ ಆ ಮೊದಲ ವಾರಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಸ್ಕಿಲ್ಲ, ಪಿಪಿಇ ಕಿಟ್ ಎಣಿಸಿ ಕೊಡುವ ಕಾಲ. ಬಾಯಿಯೊಳಗೆ ಟ್ಯೂಬ್ ಹಾಕುವ ಅರಿವಳಿಕೆ ತಜ್ಞರಿಗೆ ಎಲ್ಲರಿಗಿಂತ ಹೆಚ್ಚು ಅಪಾಯ. ಹಾಗಾಗಿ ಆಪರೇಷನ್ ಮಾಡಲೇಬೇಕು ಅಂದಾಗ ಹಳೇ ಕ್ರಮಕ್ಕೆ ಹೋದೆವು. ಬೆನ್ನಿಗೆ ಇಂಜೆಕ್ಷನ್, ಬಲಗಡೆ ಸಣ್ಣ ಕೊಯ್ತ, ಬೆರಳು ಹಾಕಿ ಅಪೆಂಡಿಕ್ಸ್ ಹೊರಗೆ. ಹೊಸ ಹುಡುಗರಲ್ಲಿ ಕೆಲವರು ಅದನ್ನು ನೋಡಿದ್ದೇ ಕಡಿಮೆ. ನಮ್ಮ ತಾಲೂಕು ಆಸ್ಪತ್ರೆಯ ಸರ್ಜನ್‌ಗಳಿಗೆ ಅದು ದಿನದ ಕೆಲಸ. ಆ ಸಮಯದಲ್ಲಿ ಅವರ ಕೈ ಎಷ್ಟು ಉಪಕಾರವಾಯಿತು ಅಂತ ಯಾರೂ ಬರೀಲಿಲ್ಲ.”

ರೋಗಿಯ ಕಡೆಯಿಂದಲೂ ಹೆದರಿಕೆಗೆ ಕಾರಣವಿತ್ತು. 24 ದೇಶಗಳ 235 ಆಸ್ಪತ್ರೆಗಳಿಂದ ಮಾಹಿತಿ ಕೂಡಿಸಿ 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಪರೇಷನ್ನಿನ ಆಸುಪಾಸಿನಲ್ಲಿ ಕೋವಿಡ್ ತಗಲಿದ 1,128 ರೋಗಿಗಳಿದ್ದರು. ಅವರಲ್ಲಿ ನೂರಕ್ಕೆ 24 ಮಂದಿ ತಿಂಗಳೊಳಗೆ ತೀರಿಕೊಂಡರು. ಅರ್ಧದಷ್ಟು ಜನರಿಗೆ ಶ್ವಾಸಕೋಶದ ತೊಂದರೆ ಬಂತು. ಅವರೆಲ್ಲ ಅಪೆಂಡಿಕ್ಸ್ ರೋಗಿಗಳಲ್ಲ. ವಯಸ್ಸಾದವರು, ದೊಡ್ಡ ಆಪರೇಷನ್ ಆದವರು ಅದರಲ್ಲಿ ಬಹಳ ಇದ್ದರು. ಆದರೂ ಆ ಸಂಖ್ಯೆ ಓದಿದ ಸರ್ಜನ್ ಇಪ್ಪತ್ತರ ಹುಡುಗನನ್ನು ಮೇಜಿನ ಮೇಲೆ ಮಲಗಿಸುವಾಗಲೂ ಎರಡು ಸಲ ಯೋಚಿಸದೆ ಇರಲು ಸಾಧ್ಯವಿರಲಿಲ್ಲ.

ಹೀಗೆ, ಸಾಮಾನ್ಯ ಕಾಲದಲ್ಲಿ ಯಾವ ನೈತಿಕ ಸಮಿತಿಯೂ ಒಪ್ಪದಷ್ಟು ದೊಡ್ಡ ಪ್ರಯೋಗವೊಂದು ತಾನಾಗಿ ನಡೆದುಹೋಯಿತು. ಬ್ರಿಟನ್ನಿನ ಆಸ್ಪತ್ರೆಗಳು ಒಟ್ಟುಗೂಡಿ ದಾಖಲಿಸಿದ ಮೊದಲ 500 ರೋಗಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಶುರುವಿನಲ್ಲಿ ಆಪರೇಷನ್ ಇಲ್ಲದೆ ಆಂಟಿಬಯಾಟಿಕ್ ಮಾತ್ರ ಕೊಡಲಾಯಿತು. ಕೋವಿಡ್‌ಗಿಂತ ಮೊದಲು ಅಲ್ಲಿ ಹಾಗೆ ಮಾಡುವವರು ಬೆರಳೆಣಿಕೆ. ಮೊದಲ ತಿಂಗಳಲ್ಲಿ ಔಷಧದ ಗುಂಪಿನವರಿಗೆ ಹೆಚ್ಚಿನ ತೊಡಕೇನೂ ಕಾಣಲಿಲ್ಲ, ಆಸ್ಪತ್ರೆಯಲ್ಲಿ ಉಳಿದ ದಿನಗಳೂ ಕಡಿಮೆ.

ಇನ್ನೊಂದು ಬದಲಾವಣೆಯೂ ಆಯಿತು. ಬ್ರಿಟನ್ನಿನಲ್ಲಿ ಹೊಟ್ಟೆ ಮುಟ್ಟಿ ನೋಡಿ, ಸಂಶಯ ಬಂದರೆ ಸೀದಾ ಆಪರೇಷನ್ ಮಾಡುವುದು ರೂಢಿ. ಸಿ.ಟಿ. ಸ್ಕ್ಯಾನ್ ಕಡಿಮೆ. ಅದರಿಂದಾಗಿ ತೆಗೆದ ಐದು ಅಪೆಂಡಿಕ್ಸ್‌ಗಳಲ್ಲಿ ಒಂದು ಪೂರ್ತಿ ಆರೋಗ್ಯವಾಗಿಯೇ ಇರುತ್ತಿತ್ತು. ಹೆಣ್ಣುಮಕ್ಕಳಲ್ಲಂತೂ ನೂರಕ್ಕೆ 28. ಪಿಡುಗಿನಲ್ಲಿ ಪ್ರತಿ ಆಪರೇಷನ್ನಿಗೂ ಬೆಲೆ ತೆರಬೇಕಾದಾಗ ಮೊದಲು ಸ್ಕ್ಯಾನ್ ಮಾಡತೊಡಗಿದರು. ಬೇಡದ ಆಪರೇಷನ್‌ಗಳು ಇಳಿದವು. ಪಿಡುಗಿನಿಂದ ಕೆಲವರಿಗೆ ಒಳ್ಳೆಯದಾದ ಅಪರೂಪದ ಪ್ರಸಂಗ ಇದು, ಅದನ್ನು ಹೇಳದೆ ಬಿಟ್ಟರೆ ಚಿತ್ರ ಪೂರ್ತಿಯಾಗದು.

“ಅಮೆರಿಕದ್ದೂ ಒಂದು ಉಂಟಲ್ಲ?” ಉಪನ್ಯಾಸಕ ನೆನಪಿಸಿದ. “ಕೋಡಾ ಅಂತ.”

“ಅದು ದೊಡ್ಡದು. 25 ಆಸ್ಪತ್ರೆ, 1,552 ಜನ. ರೋಗಿಗಳನ್ನು ಸೇರಿಸಿಕೊಳ್ಳುವ ಕೆಲಸ ಮುಗಿದದ್ದೇ 2020ರ ಫೆಬ್ರವರಿಗೆ. ಜಗತ್ತಿಗೆ ಈ ಉತ್ತರ ಈಗಲೇ ಬೇಕು ಅಂತ ಅಕ್ಟೋಬರ್‌ನಲ್ಲಿ 90 ದಿನದ ಫಲಿತಾಂಶ ಹೊರಗೆ ಹಾಕಿದರು. ಔಷಧ ತಗೊಂಡವರಲ್ಲಿ ಮೂರು ತಿಂಗಳೊಳಗೆ ಆಪರೇಷನ್ ಆದದ್ದು ನೂರಕ್ಕೆ 29. ಆದ್ರೆ ಆ ಮಲದ ಕಲ್ಲು ಇದ್ದವರಲ್ಲಿ 41, ಇಲ್ಲದವರಲ್ಲಿ 25. ಕಲ್ಲು ಉಂಟಾ ಇಲ್ವಾ ಅನ್ನುವುದು ಎಷ್ಟು ಮುಖ್ಯ ನೋಡು. ಔಷಧದ ಗುಂಪಿನಲ್ಲಿ ಅರ್ಧದ ಹತ್ತಿರ ಜನ ವಾರ್ಡಿಗೆ ಸೇರಲೂ ಇಲ್ಲ, ತುರ್ತು ವಿಭಾಗದಿಂದಲೇ ಮನೆಗೆ ಹೋದರು. ಹಾಸಿಗೆ ಸಿಗದ ಕಾಲದಲ್ಲಿ ಇದು ಎಂಥ ಸುದ್ದಿ ಅಂತ ಯೋಚಿಸು.”

ಇಲ್ಲಿಯವರೆಗೆ ಇಬ್ಬರಿಗೂ ಒಂದೇ ಅಭಿಪ್ರಾಯ. ಜಗಳ ಹುಟ್ಟಿದ್ದು ಮುಂದಿನ ಮಾತಿಗೆ.

“ಅದೆಲ್ಲ ಆಸ್ಪತ್ರೆಗೆ ಬಂದವರ ವಿಷಯ. ತಡವಾಗಿ ಬಂದವರ ಪಾಡು ನಾನು ಕಣ್ಣಾರೆ ಕಂಡಿದ್ದೇನೆ” ಎಂದರು ಸರ್ಜನ್. “ಒಡೆದ ಅಪೆಂಡಿಕ್ಸ್ ಆ ವರ್ಷ ಜಾಸ್ತಿಯಾಯಿತು. ಎಲ್ಲ ಕಡೆಯ ವರದಿಯೂ ಅದನ್ನೇ ಹೇಳ್ತದೆ. ನೂರಕ್ಕೆ ಇಷ್ಟಿದ್ದದ್ದು ಇಷ್ಟಾಯಿತು ಅಂತ.”

“ನೂರಕ್ಕೆ ಅನ್ನುವಲ್ಲೇ ನನಗೆ ತಕರಾರು, ಚಿಕ್ಕಮ್ಮ.” ಅವನು ಕಾಗದ ಎಳೆದುಕೊಂಡ. “ಒಂದು ಊರಿನಲ್ಲಿ ಮಾಮೂಲಿ ತಿಂಗಳಿಗೆ 100 ಜನ ಬರ್ತಿದ್ದರು ಅಂತ ಇಟ್ಟುಕೊಳ್ಳುವ. 75 ಸಾದಾ, 25 ಒಡೆದದ್ದು. ಲಾಕ್‌ಡೌನ್‌ನಲ್ಲಿ ಸಾದಾ ನೋವಿನವರು ಮನೆಯಲ್ಲೇ ಉಳಿದರು, 35 ಮಂದಿ ಮಾತ್ರ ಬಂದರು. ಒಡೆದವರು ಮೊದಲಿನಷ್ಟೇ, 25. ಈಗ ಬಂದ 60ರಲ್ಲಿ 25 ಅಂದ್ರೆ ನೂರಕ್ಕೆ 42. ವರದಿಯಲ್ಲಿ ‘25ರಿಂದ 42ಕ್ಕೆ ಏರಿಕೆ’ ಅಂತ ಬರ್ತದೆ. ಆದ್ರೆ ಒಬ್ಬನೇ ಒಬ್ಬನಿಗೂ ಹೆಚ್ಚಾಗಿ ಒಡೆದಿಲ್ಲ. ಕೆಳಗಿನ ಸಂಖ್ಯೆ ಕುಗ್ಗಿತು, ಅಷ್ಟೆ.”

ಇದು ಕಾಗದದ ಮೇಲಿನ ಲೆಕ್ಕ. ಆದರೆ ಇಸ್ರೇಲ್‌ನ ಕೆಲವು ಆಸ್ಪತ್ರೆಗಳಿಂದಲೂ ಯುರೋಪಿನ ಹಲವು ಕಡೆಗಳಿಂದಲೂ ಬಂದ ಅಂಕಿಗಳು ಹೆಚ್ಚುಕಡಿಮೆ ಇದೇ ಆಕಾರದವು. ಸಾದಾ ಅಪೆಂಡಿಸೈಟಿಸ್‌ನ ಸಂಖ್ಯೆ ಧಡಕ್ಕನೆ ಇಳಿದಿತ್ತು. ತೊಡಕಾದವರ ಸಂಖ್ಯೆ ಅಷ್ಟೇನೂ ಅಲುಗಿರಲಿಲ್ಲ. ಸಾದಾ ಅಪೆಂಡಿಸೈಟಿಸ್‌ನವರೆಲ್ಲ ಮನೆಯಲ್ಲಿ ಕೂತು ಒಡೆಸಿಕೊಂಡಿದ್ದರೆ ಕೆಲವು ದಿನ ಬಿಟ್ಟಾದರೂ ಅವರು ಆಂಬುಲೆನ್ಸಿನಲ್ಲಿ ಬರಲೇಬೇಕಿತ್ತು. ಒಡೆದ ಅಪೆಂಡಿಕ್ಸ್ ಇಟ್ಟುಕೊಂಡು ಯಾರೂ ತಿಂಗಳುಗಟ್ಟಲೆ ಮನೆಯಲ್ಲಿ ಸುಮ್ಮನಿರಲಾರರು. ಅಷ್ಟು ಜನ ಬರಲಿಲ್ಲ. ಅಂದರೆ ಅವರಲ್ಲಿ ಬಹಳಷ್ಟು ಮಂದಿಗೆ ನೋವು ಬಂದು, ಒಂದೆರಡು ದಿನ ಕಾಡಿ, ತಾನಾಗಿ ಇಳಿದಿರಬೇಕು. ಸ್ವೀಡನ್ನಿನ ಸರ್ಜನ್ ರೋಲಾಂಡ್ ಆಂಡರ್ಸನ್ ಈ ಮಾತನ್ನು ಕೋವಿಡ್‌ಗಿಂತ ಬಹಳ ಮೊದಲಿನಿಂದ ಹೇಳುತ್ತಿದ್ದರು. ಒಡೆಯುವ ಅಪೆಂಡಿಕ್ಸ್ ಮತ್ತು ಒಡೆಯದ ಅಪೆಂಡಿಕ್ಸ್ ಒಂದೇ ರೋಗದ ಎರಡು ಹಂತವಲ್ಲ, ಬಹುಶಃ ಎರಡು ಬೇರೆ ಬಗೆ, ಒಡೆಯುವಂಥದ್ದು ಬಹಳ ಸಲ ಆಸ್ಪತ್ರೆ ತಲುಪುವ ಮೊದಲೇ ಒಡೆದಿರುತ್ತದೆ ಎನ್ನುವುದು ಅವರ ವಾದ.

ಸರ್ಜನ್ ಕಾಗದವನ್ನು ಸ್ವಲ್ಪ ಹೊತ್ತು ನೋಡಿದರು. “ಲೆಕ್ಕ ಸರಿಯುಂಟು. ಇದನ್ನು ಮಕ್ಕಳಿಗೆ ಖಂಡಿತ ಕಲಿಸು. ಆದ್ರೆ ಇದರಿಂದ ತಡವಾದರೂ ತೊಂದರೆ ಇಲ್ಲ ಅಂತ ಒಬ್ಬ ವಿದ್ಯಾರ್ಥಿ ತಿಳಿದುಕೊಂಡರೂ ನನಗೆ ಬೇಸರ.”

“ನಾನು ಹಾಗೆ ಹೇಳ್ಲಿಲ್ಲ.”

“ಲೆಕ್ಕ ಹಾಗೆ ಕೇಳಿಸ್ತದೆ. 25 ಮೊದಲೂ ಇತ್ತು, ಆಮೇಲೂ 25 ಅಂತ ನೀನು ಹೇಳ್ತೀ. ಆ 25 ಜನರೊಳಗೆ ಏನಾಯಿತು ಅಂತ ನಿನ್ನ ಕಾಗದದಲ್ಲಿ ಇಲ್ಲ. ಒಡೆದ ದಿನವೇ ಬಂದವ ಮತ್ತು ಒಡೆದು ನಾಲ್ಕು ದಿನ ಕಳೆದು ಬಂದವ, ಇಬ್ಬರನ್ನೂ ದಾಖಲೆಯಲ್ಲಿ ‘ತೊಡಕಾದದ್ದು’ ಅಂತ ಒಂದೇ ಕಾಲಮ್ಮಿನಲ್ಲಿ ಬರೀತಾರೆ. ಮೊದಲನೆಯವ ಒಂದು ವಾರದಲ್ಲಿ ಮನೆಗೆ ಹೋಗ್ತಾನೆ. ಎರಡನೆಯವನ ಹೊಟ್ಟೆ ತೊಳೆದು ಟ್ಯೂಬ್ ಇಟ್ಟು ಐಸಿಯುನಲ್ಲಿ ಮಲಗಿಸಬೇಕು, ಕಿಡ್ನಿ ಸೋತಿರ್ತದೆ, ಉಸಿರಿಗೆ ಕಷ್ಟ. ಅದೂ ಐಸಿಯುನಲ್ಲಿ ಹಾಸಿಗೆಯೇ ಇಲ್ಲದ ಕಾಲದಲ್ಲಿ.”

ಇಲ್ಲಿ ಸರ್ಜನ್ನರ ಪಕ್ಷವೇ ಗಟ್ಟಿ ಎನ್ನಬೇಕು. ಸರಾಸರಿಗಳು ಸಮಾಧಾನ ಹೇಳುವ ಕಡೆ ವ್ಯಕ್ತಿಗಳು ನರಳಿದ್ದಾರೆ. ಭಾರತದಲ್ಲಿ ಆ ನರಳಿಕೆಗೆ ರೋಗಿಯ ಹೆದರಿಕೆ ಒಂದೇ ಕಾರಣವಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿಲ್ಲ, ಖಾಸಗಿ ಬಸ್ಸಿಲ್ಲ, ಆಟೋ ಇಲ್ಲ. ಪಾಸ್ ಇಲ್ಲದೆ ಕಾರು ಹೊರಗೆ ತೆಗೆಯುವ ಹಾಗಿಲ್ಲ. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಕೋವಿಡ್‌ಗೆಂದೇ ಮೀಸಲಾಗಿ, ಅಲ್ಲಿದ್ದ ಇತರ ರೋಗಿಗಳು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗಬೇಕಾಯಿತು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ ಹಾಗೆಯೇ ಮೀಸಲಾಯಿತು. ಬಡವರು ಕಷ್ಟ ಬಂದಾಗ ನೆನೆಯುವ ಹೆಸರುಗಳೇ ಇವು. ಆಯುಷ್ಮಾನ್ ಭಾರತ್ ಯೋಜನೆಯಡಿ ದೇಶದಾದ್ಯಂತ ಬರುತ್ತಿದ್ದ ಚಿಕಿತ್ಸಾ ಕ್ಲೇಮುಗಳು ಲಾಕ್‌ಡೌನಿನ ವಾರಗಳಲ್ಲಿ ಸುಮಾರು ಅರ್ಧಕ್ಕೆ ಕುಸಿದವು.

“ತಲಪಾಡಿಯದ್ದು ನೆನಪುಂಟಾ?” ಸರ್ಜನ್ ಕೇಳಿದರು.

ಯಾರಿಗೆ ಮರೆಯುತ್ತದೆ? ಕಾಸರಗೋಡಿನ ಜನ, ಅದರಲ್ಲೂ ಅಲ್ಲಿಯ ಕನ್ನಡಿಗರು, ತಲೆಮಾರುಗಳಿಂದ ಚಿಕಿತ್ಸೆಗೆ ನೆಚ್ಚಿದ್ದು ಐವತ್ತು ಕಿಲೋಮೀಟರ್ ದೂರದ ಮಂಗಳೂರನ್ನು. ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದೆ ಎಂದು 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಕೆಲವು ಒಳರಸ್ತೆಗಳಿಗೆ ಮಣ್ಣೇ ಸುರಿಯಲಾಯಿತು. ದಾಟಲಾಗದೆ ರೋಗಿಗಳು ತೀರಿಕೊಂಡ ಸುದ್ದಿ ದಿನದಿನವೂ ಪತ್ರಿಕೆಗಳಲ್ಲಿ ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಗೆ ಬರುವವರಿಗೆ ದಾರಿ ಬಿಡಿಸಬೇಕೆಂದು ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕಡೆಗೆ ತಲಪಾಡಿಯಲ್ಲಿ ವೈದ್ಯರ ತಪಾಸಣೆ ಮಾಡಿ ಕೋವಿಡ್ ಇಲ್ಲದ ತುರ್ತು ರೋಗಿಗಳನ್ನು ಬಿಡುವ ವ್ಯವಸ್ಥೆಯಾಯಿತು. ಹೃದಯದ ರೋಗಿಗಳು, ಡಯಾಲಿಸಿಸ್‌ನವರು ಆ ದಿನಗಳ ಸುದ್ದಿಯಲ್ಲಿ ಕಂಡರು. ಹೊಟ್ಟೆನೋವಿನವರು ಸುದ್ದಿಯಾಗುವುದಿಲ್ಲ. ಹೊಟ್ಟೆನೋವು ಮೊದಲ ದಿನ ಯಾರಿಗೂ ದೊಡ್ಡ ಕಾಯಿಲೆಯ ಹಾಗೆ ಕಾಣುವುದಿಲ್ಲ, ಗಡಿಯಲ್ಲಿ ನಿಂತ ಪೊಲೀಸರಿಗಂತೂ ಅಲ್ಲ.

“ಮನೆಯಲ್ಲಿದ್ದವರು ಎಂತ ಮಾಡಿದರು ಗೊತ್ತುಂಟಾ? ಗ್ಯಾಸ್ಟ್ರಿಕ್ ಅಂತ ತಿಳಿದು ಮೆಡಿಕಲ್‌ನಿಂದ ಮಾತ್ರೆ ತಂದರು. ಜೀರಿಗೆ ಕಷಾಯ, ಓಮದ ನೀರು. ಅದರಿಂದ ಹಾನಿ ಇಲ್ಲ. ಹರಳೆಣ್ಣೆ ಕುಡಿಸಿದವರೂ ಇದ್ದಾರೆ. ಅಪೆಂಡಿಕ್ಸ್ ಊದಿದಾಗ ಭೇದಿಗೆ ಕೊಡುವುದು ಬಹಳ ಅಪಾಯ, ಒಡೀಲಿಕ್ಕೆ ಅದೇ ಸಾಕು. ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಒಂದು ದಿನ ಆರಾಮ ಅಂದುಕೊಂಡವರು ಮತ್ತೂ ತಡ. ಕೊನೆಗೆ ಆಸ್ಪತ್ರೆಗೆ ಬಂದರೆ ಜ್ವರ ಉಂಟಲ್ಲ, ಕೋವಿಡ್ ಇರಬಹುದು ಅಂತ ಹೊರಗೆ ನಿಲ್ಲಿಸುವುದು. ರಿಪೋರ್ಟ್ ಬರಲಿ, ಆಮೇಲೆ ಮುಟ್ಟುವ ಅಂತ. ಆರ್‌ಟಿಪಿಸಿಆರ್ ವರದಿ ಬರ್ಲಿಕ್ಕೆ ಒಂದು ದಿನ, ಕೆಲವು ಸಲ ಎರಡು.”

“ಪರೀಕ್ಷೆ ಇಲ್ಲ ಅಂತ ತುರ್ತು ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ ಅಂತ ಸರ್ಕಾರ ಹೇಳಿತ್ತಲ್ಲ?”

“ಹೇಳಿತ್ತು. ರಾತ್ರಿ ಎರಡು ಗಂಟೆಗೆ ಗೇಟಿನಲ್ಲಿ ನಿಂತ ವಾಚ್‌ಮನ್‌ವರೆಗೆ ಆ ಸುತ್ತೋಲೆ ತಲುಪಬೇಕಲ್ಲ.”

ಮಕ್ಕಳ ಮಾತು ಬಂದಾಗ ಇಬ್ಬರ ದನಿಯೂ ತಗ್ಗಿತು. ದೊಡ್ಡವರ ಅಂಕಿಗಳಲ್ಲಿ ಕಾಣುವ ಸಮಾಧಾನ ಮಕ್ಕಳಲ್ಲಿ ಅಷ್ಟು ಸಿಗುವುದಿಲ್ಲ. ಐದು ವರ್ಷದೊಳಗಿನ ಮಗುವಿಗೆ ನೋವು ಎಲ್ಲಿ ಎಂದು ತೋರಿಸಲು ಬರುವುದಿಲ್ಲ. ಹೊಟ್ಟೆಯೊಳಗೆ ರಕ್ಷಣೆಗೆ ಬರುವ ಕೊಬ್ಬಿನ ಪದರ ಅವರಲ್ಲಿ ಇನ್ನೂ ತೆಳು. ಪಿಡುಗಿಲ್ಲದ ಕಾಲದಲ್ಲೂ ಆ ವಯಸ್ಸಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ರೋಗ ಗೊತ್ತಾಗುವಾಗ ಅಪೆಂಡಿಕ್ಸ್ ಒಡೆದಾಗಿರುತ್ತದೆ. ಇಟಲಿಯ ಮಕ್ಕಳ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬರುವವರ ಸಂಖ್ಯೆ 2020ರ ಮಾರ್ಚ್‌ನಲ್ಲಿ ಹಿಂದಿನ ವರ್ಷಗಳಿಗೆ ಹೋಲಿಸಿದರೆ ನೂರಕ್ಕೆ 73ರಿಂದ 88ರಷ್ಟು ಇಳಿದಿತ್ತು. ಮಕ್ಕಳಿಗೆ ಕಾಯಿಲೆ ಅಷ್ಟು ಕಡಿಮೆಯಾಗಿರಲು ಸಾಧ್ಯವೇ ಇಲ್ಲ. ಅಪ್ಪ ಅಮ್ಮ ಮಗುವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಗಿದ್ದಾರೆ.

ಅದರ ಮೇಲೆ ಹೊಸ ಗೊಂದಲವೊಂದು ಸೇರಿತು. ಏಪ್ರಿಲ್ ಕೊನೆಯಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯರಿಗೆ ಎಚ್ಚರಿಕೆ ಹೋಯಿತು. ಕೋವಿಡ್ ಬಂದು ಹೋದ ಕೆಲವು ವಾರಗಳಲ್ಲಿ ಕೆಲವು ಮಕ್ಕಳಿಗೆ ಮೈಯ ಹಲವು ಅಂಗಗಳು ಒಟ್ಟಿಗೆ ಉರಿಯೂತಕ್ಕೆ ಸಿಕ್ಕುತ್ತಿದ್ದವು. ಎಂಐಎಸ್-ಸಿ ಎಂದು ಈಗ ಕರೆಯುವ ಆ ಸ್ಥಿತಿ ಬಹಳ ಸಲ ತೋರಿಸಿಕೊಳ್ಳುವುದೇ ಜ್ವರ, ವಾಂತಿ, ಜೋರು ಹೊಟ್ಟೆನೋವಾಗಿ. ಅಪೆಂಡಿಕ್ಸ್ ಎಂದು ಸರ್ಜನ್‌ಗಳ ಬಳಿಗೆ ಬಂದು, ಸ್ಕ್ಯಾನಿನಲ್ಲಿ ಕರುಳಿನ ಉರಿಯೂತ ಕಂಡ ಎಂಟು ಮಕ್ಕಳ ವಿವರವನ್ನು ಲಂಡನ್ನಿನ ವೈದ್ಯರು ಪ್ರಕಟಿಸಿದರು. ಅಲೆಗಳು ಇಳಿದ ಮೇಲೆ ಭಾರತದಲ್ಲೂ ಇಂಥ ಮಕ್ಕಳು ಬಂದರು.

“ಆಪರೇಷನ್ ಮಾಡಿ ನೋಡಿದರೆ ಅಪೆಂಡಿಕ್ಸ್ ಸರಿಯೇ ಉಂಟು, ಮಗುವಿನ ಹೃದಯ ಸೋಲ್ತಾ ಉಂಟು” ಎಂದರು ಸರ್ಜನ್. “ಹಾಗಾಗಬಾರದು ಅಂದ್ರೆ ಕಣ್ಣು ಕೆಂಪಾಗಿದೆಯಾ, ಮೈಮೇಲೆ ದದ್ದು ಉಂಟಾ, ಮನೆಯಲ್ಲಿ ತಿಂಗಳ ಹಿಂದೆ ಯಾರಿಗಾದರೂ ಜ್ವರ ಬಂದಿತ್ತಾ, ಇದನ್ನೆಲ್ಲ ಕೇಳಬೇಕು. ಕೇಳ್ಲಿಕ್ಕೆ ಮಗು ಎದುರಿಗೆ ಇರಬೇಕು.”

“ಫೋನಿನಲ್ಲಿ ನೋಡ್ತಿದ್ದರಲ್ಲ?”

ಲಾಕ್‌ಡೌನ್ ಶುರುವಾದ ದಿನವೇ, ಮಾರ್ಚ್ 25ಕ್ಕೆ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದಿತ್ತು. ಇ-ಸಂಜೀವನಿಯಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಅನುಕೂಲವಾಯಿತು. ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಅದು ದೊಡ್ಡ ಆಸರೆ. ಆದರೆ ಹೊಟ್ಟೆಯನ್ನು ಫೋನಿನಲ್ಲಿ ಮುಟ್ಟಲಾಗದು. ಬಲಗಡೆ ಮೆಲ್ಲನೆ ಒತ್ತಿ ಫಕ್ಕನೆ ಕೈ ತೆಗೆದಾಗ ರೋಗಿಯ ಮುಖ ಕಿವುಚುತ್ತದೆಯೇ, ಹೊಟ್ಟೆಯ ಸ್ನಾಯು ಕೈಗೆ ಗಟ್ಟಿ ಹತ್ತುತ್ತದೆಯೇ ಎನ್ನುವುದರ ಮೇಲೆ ತೀರ್ಮಾನ ನಿಂತಿದೆ. ಅಲ್ಫ್ರೆಡೊ ಅಲ್ವರಾಡೊ 1986ರಲ್ಲಿ ರೂಪಿಸಿದ, ಈಗಲೂ ತುರ್ತು ವಿಭಾಗಗಳಲ್ಲಿ ಬಳಸುವ ಹತ್ತು ಅಂಕದ ಪಟ್ಟಿಯಲ್ಲಿ ಮೂರು ಅಂಕ ಬರುವುದೇ ಹೊಟ್ಟೆ ಮುಟ್ಟಿ ನೋಡುವುದರಿಂದ, ಇನ್ನು ಮೂರು ರಕ್ತ ಪರೀಕ್ಷೆಯಿಂದ.

“ನಾನು ಫೋನಿನಲ್ಲಿ ಒಂದು ಉಪಾಯ ಮಾಡ್ತಿದ್ದೆ” ಎಂದರು ಅವರು. “ಮಗುವಿಗೆ ಬಲಗಾಲಲ್ಲಿ ಒಮ್ಮೆ ಕುಪ್ಪಳಿಸು ಅನ್ನುವುದು. ಜೋರಾಗಿ ಕೆಮ್ಮು ಅನ್ನುವುದು. ನೋವಿನಿಂದ ಆಗುವುದಿಲ್ಲ ಅಂದ್ರೆ ಏನಾದರೂ ಮಾಡಿ ಬನ್ನಿ, 108ಕ್ಕೆ ಫೋನ್ ಮಾಡಿ ಅಂತ ಹೇಳುವುದು. ಕುಪ್ಪಳಿಸಿದರೂ ಆರು ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿ ಅಂತ. ಆದ್ರೆ ಅದು ಇಲ್ಲದ್ದಕ್ಕೆ ಒಂದು ದಾರಿ, ಪರೀಕ್ಷೆ ಅಲ್ಲ.”

ಅವರ ವಾದದ ತಿರುಳು ಇಲ್ಲಿದೆ. ಪಿಡುಗು ಆಪರೇಷನ್ನಿನ ಬಗ್ಗೆ ಸರ್ಜನ್‌ಗಳಿಗೆ ಒಂದು ಬಿಡುಗಡೆ ಕೊಟ್ಟಿತು. ಆದರೆ ಆಂಟಿಬಯಾಟಿಕ್ ಸಾಕು ಎಂದು ಯಾರಿಗೆ ಹೇಳಬಹುದು? ಸ್ಕ್ಯಾನ್ ಮಾಡಿ, ಕಲ್ಲಿಲ್ಲ, ಒಡೆದಿಲ್ಲ, ಕೀವಿಲ್ಲ ಎಂದು ಖಚಿತವಾದವರಿಗೆ. ರಾತ್ರಿ ನೋವು ಹೆಚ್ಚಿದರೆ ಮತ್ತೆ ಬರಬಲ್ಲಷ್ಟು ಹತ್ತಿರ ಇರುವವರಿಗೆ. ಲಂಡನ್ನಿನಲ್ಲೋ ಸಿಯಾಟಲ್‌ನಲ್ಲೋ ಔಷಧ ತೆಗೆದುಕೊಂಡು ಮನೆಗೆ ಹೋದವನೂ, ವಿರಾಜಪೇಟೆಯ ತೋಟದ ಲೈನ್ ಮನೆಯಲ್ಲಿ ಬಸ್ಸಿಲ್ಲದೆ ಉಳಿದ ಕಾರ್ಮಿಕನೂ, ಇಬ್ಬರೂ ಆಪರೇಷನ್ ಆಗದವರೇ. ಅವರಿಬ್ಬರನ್ನು ಒಂದೇ ಪಟ್ಟಿಯಲ್ಲಿ ಸೇರಿಸುವುದು ಅನ್ಯಾಯ.

“ಎರಡನೇ ಅಲೆಯಲ್ಲಿ?” ಅವನು ಕೇಳಿದ.

“ಆಗ ರೋಗಿಗಳು ಬರ್ಲಿಕ್ಕೆ ಅಷ್ಟು ಹೆದರಲಿಲ್ಲ, ದಾರಿಯೂ ಇತ್ತು. ಆದ್ರೆ ಆಸ್ಪತ್ರೆಯೇ ತುಂಬಿತ್ತು.” 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು. ಅದಕ್ಕೂ ಮೂರು ದಿನ ಮೊದಲು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಸತ್ತಿದ್ದರು. ಅರಿವಳಿಕೆ ತಜ್ಞರೆಲ್ಲ ವೆಂಟಿಲೇಟರ್‌ಗಳ ಹಿಂದೆ. “ಆಪರೇಷನ್ ಮಾಡ್ಲಿಕ್ಕೆ ನಾನಿದ್ದೇನೆ, ಅರಿವಳಿಕೆ ಕೊಡ್ಲಿಕ್ಕೆ ಜನ ಇಲ್ಲ. ಆಗ ಆಂಟಿಬಯಾಟಿಕ್ ನಮಗೆ ಎಷ್ಟು ಸಹಾಯಕ್ಕೆ ಬಂತು ಅಂತ ಹೇಳ್ಲಿಕ್ಕಾಗ್ಲಿಕ್ಕಿಲ್ಲ. ಹಿಂದಿನ ವರ್ಷದ ಫಲಿತಾಂಶ ಕೈಯಲ್ಲಿ ಇದ್ದದ್ದರಿಂದ ಧೈರ್ಯವಾಗಿ ಕೊಟ್ಟೆವು.”

ಮುಂದೆ ಇಂಥದ್ದು ಬಂದರೆ ಏನು ಮಾಡಬೇಕೆಂದು ಅವನು ಕೇಳಿದಾಗ ಅವರು ದೊಡ್ಡ ಯೋಜನೆಯನ್ನೇನೂ ಹೇಳಲಿಲ್ಲ. ಜಿಲ್ಲೆಯ ಒಂದೇ ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ಪೂರ್ತಿ ಒಂದೇ ರೋಗಕ್ಕೆ ಕೊಟ್ಟುಬಿಡಬಾರದು, ಕೊಡಲೇಬೇಕಾದರೆ ತುರ್ತು ಹೊಟ್ಟೆನೋವು, ಹೆರಿಗೆ, ಅಪಘಾತಕ್ಕೆ ಬದಲಿ ಎಲ್ಲಿ ಎಂದು ಅದೇ ದಿನ ಊರೂರಿಗೆ ತಿಳಿಸಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್ ಮಾಡುವವರು ಇರಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಜ್ವರ, ಕೆಮ್ಮಿನ ಜೊತೆ ಹೊಟ್ಟೆನೋವನ್ನೂ ಕೇಳಬೇಕು. ಮತ್ತು ದಾಖಲೆಯಲ್ಲಿ ನೋವು ಶುರುವಾದ ಗಂಟೆ, ಬಾಗಿಲಿಗೆ ಬಂದ ಗಂಟೆ, ಕೈ ಮುಟ್ಟಿದ ಗಂಟೆ ಮೂರನ್ನೂ ಬರೆಯಬೇಕು.

“ಕೊನೆಯದ್ದು ನನಗೋಸ್ಕರ ಹೇಳಿದ್ದಾ?”

“ನಿನಗೇ. ಆ ಮೂರು ಗಂಟೆ ಇದ್ದರೆ ನೀನು ನೂರಕ್ಕೆ ಇಷ್ಟು ಅಂತ ಜಗಳ ಮಾಡಬೇಕಾಗಿಯೇ ಇಲ್ಲ.”

ಇನ್ನೊಂದು ಪ್ರಶ್ನೆ ಉಳಿದಿತ್ತು. ಆ ವರ್ಷ ಔಷಧದಲ್ಲೇ ವಾಸಿಯಾಗಿ ಮನೆಗೆ ಹೋದವರು ಈಗ ಹೇಗಿದ್ದಾರೆ?

“ಅಮೆರಿಕದ ಅಧ್ಯಯನದಲ್ಲಿ ಒಂದು ವರ್ಷಕ್ಕೆ ನೂರಕ್ಕೆ 40, ಎರಡಕ್ಕೆ 46, ಮೂರು-ನಾಲ್ಕು ವರ್ಷಕ್ಕೆ 49 ಜನರಿಗೆ ಆಪರೇಷನ್ ಆಯಿತು. ಹೆಚ್ಚಿನದ್ದು ಮೊದಲ ವರ್ಷದಲ್ಲೇ. ಉಳಿದ ಅರ್ಧ ಜನರ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಇವತ್ತೂ ಉಂಟು. ನಲವತ್ತು ದಾಟಿದವರಿಗೆ ಕೀವಿನ ಗಡ್ಡೆಯಾಗಿ ಔಷಧದಲ್ಲಿ ಇಳಿದಿದ್ದರೆ ನನಗೆ ಸ್ವಲ್ಪ ಚಿಂತೆ. ಫಿನ್ಲೆಂಡಿನವರು ಅಂಥವರ ಮೇಲೆ ಒಂದು ಅಧ್ಯಯನ ಶುರು ಮಾಡಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು, ಯಾಕಂದ್ರೆ ಆಮೇಲೆ ತೆಗೆದ ಅಪೆಂಡಿಕ್ಸ್‌ಗಳಲ್ಲಿ ಐದಕ್ಕೆ ಒಂದರಲ್ಲಿ ಟ್ಯೂಮರ್ ಕಂಡಿತು, ಎಲ್ಲ ನಲವತ್ತು ದಾಟಿದವರದ್ದೇ. ಅವರು ಒಮ್ಮೆ ಹೋಗಿ ಸ್ಕ್ಯಾನ್, ಕೊಲೊನೋಸ್ಕೋಪಿ ಮಾಡಿಸಬೇಕು.”

“ಉಳಿದವರು?”

“ಅವರು ಎಂತದೂ ಮಾಡಬೇಕಾಗಿಲ್ಲ. ಆದ್ರೆ ಡಿಸ್ಚಾರ್ಜ್ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಲಿ. ಆ ಗಡಿಬಿಡಿಯಲ್ಲಿ ಬರೆದುಕೊಟ್ಟ ಚೀಟಿ, ಎಷ್ಟೋ ಜನ ಬಿಸಾಡಿದ್ದಾರೆ. ಮೊನ್ನೆ ಒಬ್ಬರು ಹೇಳಿದರು, ನನಗೆ 2020ರಲ್ಲೇ ಅಪೆಂಡಿಕ್ಸ್ ಆಗಿದೆ ಡಾಕ್ಟ್ರೇ, ಇನ್ನು ಅದು ಬರುವುದಿಲ್ಲ ಅಂತ. ಹೊಟ್ಟೆ ತೋರಿಸಿ ಅಂದೆ. ಕಲೆ ಇಲ್ಲ.”